ಬಂಡೆಸಂದಿಯ ಒಕ್ಕಲು

ಮೂಡಿಗೆರೆ ಕಡೆಯಿಂದ ದೇವರಮನೆ ಹತ್ತುವವರ ಕಣ್ಣೆಲ್ಲ ಮೇಲೆಯೇ ಇರುತ್ತದೆ. ಕಾಲಭೈರವೇಶ್ವರನ ಗುಡಿ, ಅದರಾಚೆ ಹುಲ್ಲುಗುಡ್ಡದ ಏಣು, ಗಳಿಗೆಗೊಮ್ಮೆ ಎಲ್ಲವನ್ನೂ ಮುಚ್ಚಿ ತೆರೆಯುವ ಮಂಜು. ಓದುವ ಚಟವಿದ್ದವರು ಮರಗಳ ಕಾಂಡವನ್ನೂ ಹುಡುಕುತ್ತಾರೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಈ ಸೀಮೆಯ ಹೆಸರಿಗೆ ಹಾರುವ ಓತಿಯನ್ನು ಕಾಯಂ ಆಗಿ ಸೇರಿಸಿಬಿಟ್ಟಿದೆ. ಆದರೆ ಇಂಥ ಮಲೆಗಳ ಹಳೆಯ ಕಥೆಯನ್ನು ಓತಿಗಿಂತ ಬಿಡಿಸಿ ಹೇಳಬಲ್ಲ ಜೀವಿ ಮೊಣಕಾಲೆತ್ತರದಲ್ಲಿ, ಪಾಚಿಗಟ್ಟಿದ ಬಂಡೆಯ ಮಗ್ಗುಲಲ್ಲಿದೆ. ಅದು ಕಾಡಿನ ಹಗಲುಹಲ್ಲಿ, ನೆಮಾಸ್ಪಿಸ್ ಕುಲದ್ದು.

ಹಲ್ಲಿ ಎಂದರೆ ಜನಕ್ಕೆ ಮನೆಹಲ್ಲಿಯೇ. ಲೊಚಗುಟ್ಟಿದರೆ ಆಡಿದ ಮಾತು ನಿಜ, ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ನೋಡಬೇಕು. ಕಾಡಿನ ಹಲ್ಲಿಗೆ ಈ ಶಾಸ್ತ್ರದಲ್ಲಿ ಜಾಗವಿಲ್ಲ. ಮನೆಹಲ್ಲಿಯದು ರಾತ್ರಿಪಾಳಿ, ಹಗಲಿನಲ್ಲಿ ಅದರ ಪಾಪೆ ಸೀಳಿನಂತೆ ಕಿರಿದಾಗುತ್ತದೆ. ಹಗಲುಹಲ್ಲಿಯ ಪಾಪೆ ದುಂಡಗೆ. ಮನೆಹಲ್ಲಿಯ ಬೆರಳಡಿ ಅಗಲವಾಗಿ, ಪದರ ಪದರವಾಗಿ ಗಾಜಿಗೂ ಅಂಟಿಕೊಳ್ಳುತ್ತದೆ. ಇದಕ್ಕೆ ಆ ಮೆತ್ತೆಯಿಲ್ಲ. ತೆಳ್ಳಗಿನ ಬಾಗಿದ ಬೆರಳು, ತುದಿಯಲ್ಲಿ ಉಗುರು. ನುಣುಪು ಗೋಡೆಯಲ್ಲಿ ಅದರ ಆಟ ನಡೆಯದು; ಒರಟು ಕಲ್ಲು, ತೊಗಟೆಯ ಬಿರುಕು ಸಿಕ್ಕಿದರೆ ಹಿಡಿಯುವುದು ಕಷ್ಟ. ಕಲ್ಲುಹೂವಿನ ಬಣ್ಣಕ್ಕೆ ಕಲೆತುಹೋಗುವ ಬೂದು-ಕಂದು ಮೈ. ಅಲ್ಲಾಡಿದರೆ ಮಾತ್ರ ಕಾಣುತ್ತದೆ, ಕಂಡಿತೆನ್ನುವಷ್ಟರಲ್ಲಿ ಸಂದಿಗೆ ಸೇರಿರುತ್ತದೆ. ಹಲವು ಪ್ರಭೇದಗಳಲ್ಲಿ ಗಂಡಿನ ಗಂಟಲಿಗೆ ಹಳದಿಯದೋ ಕಿತ್ತಳೆಯದೋ ಬಣ್ಣವೇರುತ್ತದೆ.

ಮೊಟ್ಟೆ ಸಾಮಾನ್ಯವಾಗಿ ಎರಡು. ಬಿಳಿ, ಗಟ್ಟಿ ಚಿಪ್ಪು. ಮಳೆ ನೇರ ಬಡಿಯದ, ಆದರೆ ಪೂರ್ತಿ ಒಣಗದ ಬಂಡೆಬಿರುಕೇ ಬಾಣಂತಿಕೋಣೆ. ಒಳ್ಳೆಯ ಬಿರುಕು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಎಷ್ಟೋ ಕಡೆ ಹಲವು ಹೆಣ್ಣುಗಳು ಒಂದೇ ಜಾಗದಲ್ಲಿ ಇಡುತ್ತವೆ. ಹೊಸ ಮೊಟ್ಟೆಗಳ ಪಕ್ಕದಲ್ಲೇ ಒಡೆದು ಹೋದ ಹಳೆಯ ಚಿಪ್ಪಿನ ಗುರುತೂ ಉಳಿದಿರುತ್ತದೆ. ಒಂದು ಬಂಡೆ ಸಿಡಿಸಿದರೆ ಹೋಗುವುದು ಒಂದು ಹಲ್ಲಿಯ ಮನೆಯಲ್ಲ, ಒಂದು ಕೇರಿ.

ಇವುಗಳಿಗೆ ಹೆಸರಿಡುವ ಕೆಲಸ ಹಳೆಯದು, ಆದರೆ ಬಹುಕಾಲ ಕುಂಟುತ್ತ ನಡೆದದ್ದು. ಮದರಾಸು ಸೇನೆಯ ವೈದ್ಯ ಜೆರ್ಡನ್ 1853ರಲ್ಲೇ ಬೆಂಗಳೂರಿನ ಒಂದನ್ನು ಮೈಸೂರಿನ ಹೆಸರಿನಲ್ಲಿ ದಾಖಲಿಸಿದ. 2002ರಲ್ಲಿ ಆರನ್ ಬಾವರ್ ಉತ್ತರ ಕನ್ನಡದ ಗುಂದದಿಂದ ಒಮ್ಮೆಗೇ ಎರಡು ಹೊಸ ಪ್ರಭೇದಗಳನ್ನು ವಿವರಿಸಿದರು. 2015ರಲ್ಲಿ ಹಂಪಿಯ ಬಂಡೆಗಳಿಂದ ಮತ್ತೊಂದು ಬಂತು. ಅಷ್ಟು ಲಕ್ಷ ಜನ ಓಡಾಡಿದ ಊರಿನಲ್ಲಿ! 2020ರಲ್ಲಿ ಮೂಡಿಗೆರೆಯ ನೆರೆಯ ಸಕಲೇಶಪುರದ ಸರದಿ: ಅಲ್ಲಿ ಸಿಕ್ಕ ದೊಡ್ಡ ಮೈಯ ಬಂಡೆಹಲ್ಲಿಗೆ ‘ಮ್ಯಾಗ್ನಿಫಿಕಾ’ ಎಂದು ಹೆಸರಾಯಿತು. ದೊಡ್ಡದೆಂದರೂ ಬಾಲ ಬಿಟ್ಟರೆ ಹೆಬ್ಬೆರಳಿನಷ್ಟು. ಇಂದು ಭಾರತ, ಶ್ರೀಲಂಕಾ ಸೇರಿ ಈ ಕುಲದ ಪ್ರಭೇದಗಳು ನೂರನ್ನು ದಾಟಿವೆ.

ಇಷ್ಟೊಂದು ಯಾಕೆ? ಮನೆಹಲ್ಲಿ ಮರದ ದಿಮ್ಮಿಯಲ್ಲಿ, ಹಡಗಿನ ಸರಕಿನಲ್ಲಿ ಕೂತು ಸಾಗರ ದಾಟಿ ಲೋಕ ಸುತ್ತಿದೆ. ಕಾಡಿನದು ತನ್ನ ಮಲೆ ಬಿಟ್ಟು ಕದಲುವುದೇ ಅಪರೂಪ. ಎರಡು ತಂಪು ಗುಡ್ಡಗಳ ನಡುವೆ ಬಿಸಿಲು ಕಾಯುವ ಕಣಿವೆಯೊಂದು ಬಂದರೆ ಅದಕ್ಕೆ ಅದೇ ಸಮುದ್ರ. ಲಕ್ಷಾಂತರ ವರ್ಷ ಹೀಗೆ ಬೇರೆಬೇರೆಯಾಗಿ ಉಳಿದ ಒಕ್ಕಲುಗಳು ಬೇರೆಯೇ ಪ್ರಭೇದಗಳಾದವು. ಹಾಗಾಗಿ ಒಂದು ಮಲೆಯ ಹಲ್ಲಿಯನ್ನು ಇನ್ನೊಂದು ಮಲೆಯ ಹಲ್ಲಿ ತುಂಬಿಕೊಡಲಾರದು. ಕಾಫಿತೋಟದಲ್ಲಿ ಹಳೆಯ ಕಾಡುಮರದ ನೆರಳು, ಒಡೆಯದ ಬಂಡೆ ಉಳಿದಿದ್ದರೆ ಇಂಥ ಜೀವಕ್ಕೆ ಆಸರೆಯಿದೆ. ಮರಗಸಿ ಅತಿಯಾಗಿ ಬಿಸಿಲು ಸುರಿದಲ್ಲಿ ಬಂಡೆಯ ತೇವ ಹೋಗುತ್ತದೆ, ಪಾಚಿ ಕರಕಲಾಗುತ್ತದೆ.

ರಸ್ತೆ ಅಗಲಿಸಲು, ರೆಸಾರ್ಟ್ ಏಳಿಸಲು ಧರೆ ಕಡಿಯುವ ಮುಂಚೆ ಮರಗಳನ್ನಾದರೂ ಎಣಿಸಿ ನಂಬರು ಹಾಕುತ್ತಾರೆ. ಬಂಡೆಗಳಿಗೆ ಆ ಗೌರವವೂ ಇಲ್ಲ. ಯಂತ್ರ ಬರುವ ಮೊದಲು ಹಲ್ಲಿ ಬಲ್ಲವರೊಬ್ಬರು ಟಾರ್ಚ್ ಹಿಡಿದು ಆ ಸಂದಿಗಳನ್ನು ನೋಡಿ ಬರೆದಿಡುವುದಕ್ಕೆ ದೊಡ್ಡ ಖರ್ಚಿಲ್ಲ. ಮೂಡಿಗೆರೆ, ಕಳಸದ ಶಾಲೆಮಕ್ಕಳನ್ನು ಜೊತೆಗೆ ಕರೆದೊಯ್ದರೆ ಇನ್ನೂ ಒಳ್ಳೆಯದು. ಬಂಡೆಯ ಮೇಲೆ ಅಲ್ಲಾಡಿದ್ದನ್ನು ಮೊದಲು ಕಾಣುವವರು ಅವರೇ.