ರಾಚೆಸ್ಟರಿನಲ್ಲಿ ಕಂಡ ಒಂದು ಚಿತ್ರಪ್ರದರ್ಶನ

ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದಲ್ಲಿ, ಒಂಟೇರಿಯೊ ಸರೋವರದ ದಕ್ಷಿಣ ತೀರದಲ್ಲಿ, ರಾಚೆಸ್ಟರ್ ಎಂಬ ಪಟ್ಟಣವುಂಟು. ಜೆನಸೀ ನದಿಯು ಊರ ನಡುವೆಯೇ ಜಲಪಾತವಾಗಿ ಧುಮುಕಿ ಆ ಸರೋವರವನ್ನು ಸೇರುತ್ತದೆ. ನಮ್ಮ ಮಗಳೂ ಅಳಿಯಂದಿರೂ ಅಲ್ಲಿ ನೆಲಸಿದ್ದಾರೆ. ಮೊಮ್ಮಗನನ್ನು ನೋಡುವ ಆಸೆಯಿಂದ ವಸಂತದ ಕೊನೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆನು. ಜಲಪಾತ, ಸರೋವರ, ಉದ್ಯಾನ ಎಲ್ಲವನ್ನೂ ನೋಡಿಯಾದ ಮೇಲೆ ಒಂದು ರಾತ್ರಿ ಮಗಳು, “ಅಮ್ಮ, ನಾಳೆ ನಿನ್ನನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ. ಯಾವ ಸಿನಿಮಾ ಎಂದು ಮಾತ್ರ ಕೇಳಬೇಡ; ನನಗೂ ಗೊತ್ತಿಲ್ಲ” ಎಂದಳು. ಹೆಸರು ತಿಳಿಯದ ಸಿನಿಮಾಕ್ಕೆ ಯಾರಾದರೂ ಹೋಗುವುದುಂಟೆ ಎಂದು ನನಗೆ ನಗು ಬಂದಿತು.

ಮರುದಿನ ಹೋದುದು ಈಸ್ಟ್ ಅವೆನ್ಯೂ ಎಂಬ ಬೀದಿಯಲ್ಲಿರುವ ಒಂದು ಭವ್ಯವಾದ ಬಂಗಲೆಗೆ. ಕೊಡಕ್ ಕಂಪೆನಿಯನ್ನು ಸ್ಥಾಪಿಸಿದ ಜಾರ್ಜ್ ಈಸ್ಟ್‌ಮನ್ನರು ಬಾಳಿದ ಮನೆಯದು. ಅವರು ಅವಿವಾಹಿತರು, ಸಂಗೀತಪ್ರಿಯರು. ಬೆಳಗಿನ ಉಪಾಹಾರದ ಹೊತ್ತಿಗೆ ಆರ್ಗನ್ ವಾದ್ಯವನ್ನು ನುಡಿಸಲು ಒಬ್ಬ ವಾದಕನನ್ನೇ ನೇಮಿಸಿಕೊಂಡಿದ್ದರಂತೆ. ಬಾಗುವಂಥ, ಪಾರದರ್ಶಕವಾದ ಫಿಲ್ಮ್ ಸುರುಳಿಯನ್ನು ಅವರ ಕಂಪೆನಿಯು 1889ರಲ್ಲಿ ಮಾರಾಟಕ್ಕೆ ತಂದಿತು; ಚಲಚ್ಚಿತ್ರವು ಬೆಳೆದುದು ಅಂಥ ಸುರುಳಿಯ ಬಲದಿಂದಲೇ. ಈಸ್ಟ್‌ಮನ್ನರು 1932ರಲ್ಲಿ ತೀರಿಕೊಂಡರು. 1949ರಲ್ಲಿ ಅವರ ಮನೆಯು ಛಾಯಾಚಿತ್ರ ಮತ್ತು ಚಲಚ್ಚಿತ್ರಗಳ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. 1951ರಲ್ಲಿ ಅದಕ್ಕೆ ಸೇರಿದಂತೆ ಡ್ರೈಡನ್ ಥಿಯೇಟರ್ ಎಂಬ, ಸುಮಾರು 500 ಮಂದಿ ಕುಳಿತು ನೋಡಬಹುದಾದ ಚಿತ್ರಮಂದಿರವೂ ಸಿದ್ಧವಾಯಿತು.

ಈ ಮಂದಿರದಲ್ಲಿ ಹಳೆಯ ಚಿತ್ರಗಳ ವಿಶೇಷ ಪ್ರದರ್ಶನಗಳು ನಡೆಯುತ್ತವೆ. ಮೂಕಚಿತ್ರಗಳಿಗೆ ಪಿಯಾನೊ ವಾದಕರು ಎದುರಿನಲ್ಲಿಯೇ ಕುಳಿತು ನುಡಿಸುವುದೂ ಉಂಟು. ನಾವು ಹೋಗಿದ್ದುದು 2015ರಲ್ಲಿ ಆರಂಭವಾದ ‘ನೈಟ್ರೇಟ್ ಪಿಕ್ಚರ್ ಷೋ’ ಎಂಬ ಉತ್ಸವಕ್ಕೆ. ದೇಶದೇಶಗಳಿಂದ ಚಿತ್ರಪ್ರೇಮಿಗಳು ಬಂದು ಸೇರುತ್ತಾರೆ. ಆದರೆ ಯಾವ ಚಿತ್ರಗಳನ್ನು ತೋರಿಸುವರೆಂಬುದು ಉತ್ಸವದ ಮೊದಲ ದಿನದ ಬೆಳಗಿನವರೆಗೂ ಗುಟ್ಟು. ಕಟ್ಟಕಡೆಯ ಚಿತ್ರದ ಹೆಸರನ್ನಂತೂ ಆಗಲೂ ಹೇಳುವುದಿಲ್ಲ. ತೆರೆಯ ಮೇಲೆ ಮೂಡಿದಾಗಲೇ ತಿಳಿಯಬೇಕು. ಮಗಳು ನನ್ನನ್ನು ಕರೆದೊಯ್ದುದು ಅದಕ್ಕೇ.

ನೈಟ್ರೇಟ್ ಎಂದರೇನೆಂಬುದನ್ನು ವಾಚಕರಿಗೆ ಹೇಳಬೇಕು. ಹಿಂದೆ ಸಿನಿಮಾ ಫಿಲ್ಮನ್ನು ಹತ್ತಿಯ ನಾರಿನ ಸತ್ತ್ವವನ್ನು ಆಮ್ಲಗಳಲ್ಲಿ ಸಂಸ್ಕರಿಸಿ ಮಾಡುತ್ತಿದ್ದರು. ಸಿಡಿಮದ್ದಾದ ಗನ್‌ಕಾಟನ್ನಿಗೆ ಇದು ಹತ್ತಿರದ ನಂಟು. ಒಮ್ಮೆ ಹೊತ್ತಿತೆಂದರೆ ಉರಿಗೆ ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. ಇದರ ಭಯದಿಂದಲೇ 1950ರ ಸುಮಾರಿಗೆ ಇದರ ತಯಾರಿಕೆಯನ್ನು ಬಿಟ್ಟು, ಹಾಗೆ ಉರಿಯದ ಬೇರೆ ಫಿಲ್ಮನ್ನು ಬಳಕೆಗೆ ತಂದರು. ನೈಟ್ರೇಟ್ ಫಿಲ್ಮನ್ನು ಓಡಿಸಲು ತಕ್ಕ ಏರ್ಪಾಡುಳ್ಳ ಮಂದಿರಗಳು ಅಮೆರಿಕೆಯಲ್ಲಿಯೂ ಇಂದು ಬೆರಳೆಣಿಕೆಯಷ್ಟೇ, ಡ್ರೈಡನ್ ಅವುಗಳಲ್ಲೊಂದು. ಯಂತ್ರದ ಕೋಣೆಯ ಗವಾಕ್ಷಿಗಳಿಗೆ ಲೋಹದ ಬಾಗಿಲುಗಳಿರುತ್ತವೆ. ಬೆಂಕಿ ತೋರಿದರೆ ಅವು ಥಟ್ಟನೆ ಬಿದ್ದು ಪ್ರೇಕ್ಷಕರನ್ನು ಕಾಪಾಡುತ್ತವೆ. ಫಿಲ್ಮು ಕಾಲಕಳೆದಂತೆ ಮುದುಡುವುದರಿಂದ ಪ್ರತಿಯೊಂದು ಪ್ರತಿಯೂ ಎಷ್ಟು ಮುದುಡಿದೆಯೆಂದು ಅಳೆದು, ಯಂತ್ರಕ್ಕೆ ತಾಳುವಂತಿದ್ದರೆ ಮಾತ್ರ ಓಡಿಸುತ್ತಾರೆ. ಆ ಅಳತೆಯನ್ನು ಕಾರ್ಯಕ್ರಮದ ಪುಸ್ತಕದಲ್ಲಿಯೂ ಅಚ್ಚುಮಾಡಿರುತ್ತಾರೆ. ವೃದ್ಧರನ್ನು ಯಾತ್ರೆಗೆ ಹೊರಡಿಸುವ ಮುನ್ನ ವೈದ್ಯರು ನಾಡಿ ನೋಡಿದ ಹಾಗೆ!

ದೀಪಗಳು ಆರಿದವು. ಚಿತ್ರದ ಹೆಸರು ಮೂಡಿದೊಡನೆ ಸಭೆಯಲ್ಲಿ ಹರ್ಷದ ಉದ್ಗಾರವೆದ್ದಿತು. ಅದು ಯಾವುದೆಂದು ನಾನೂ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅಲ್ಲಿನ ಸಂಪ್ರದಾಯಕ್ಕೆ ಭಂಗ ಬಂದೀತು. ಕಪ್ಪು ಬಿಳುಪಿನ ಚಿತ್ರ. ಆದರೆ ಆ ಕಪ್ಪು ಅಮಾವಾಸ್ಯೆಯ ಬಾವಿಯಂತೆ ಆಳವಾಗಿದ್ದಿತು. ಬಿಳುಪು ಬೆಳ್ಳಿಯ ದೀಪದ ಕಂಬದಂತೆ ಮಿನುಗುತ್ತಿದ್ದಿತು. ಅದು ಉಪಮೆ ಮಾತ್ರವಲ್ಲ; ಅಂಥ ಚಿತ್ರಗಳಲ್ಲಿ ರೂಪವನ್ನು ಹಿಡಿದಿರುವುದು ನಿಜವಾಗಿಯೂ ಬೆಳ್ಳಿಯ ಕಣಗಳೇ. ಎಪ್ಪತ್ತು ಎಂಬತ್ತು ವರ್ಷ ಪ್ರಾಯದ ಆ ಸುರುಳಿಯು ಉರಿದುಹೋಗದೆ ಉಳಿದು ಬಂದುದು ಒಂದು ಪುಣ್ಯವೆಂದೇ ನನಗೆ ತೋರಿತು.

ಹೊರಗೆ ಬಂದ ಮೇಲೆ ಅಳಿಯಂದಿರು, “ಅತ್ತೆ, ಇಷ್ಟು ಎಚ್ಚರಿಕೆಯಿಂದ ಕಾಯುವ ಇವರಿಗೂ ಬೆಂಕಿ ತಪ್ಪಲಿಲ್ಲ” ಎಂದರು. 1978ರ ಮೇ 29ರಂದು ಈ ಸಂಸ್ಥೆಯ ಉಗ್ರಾಣಕ್ಕೆ ಬೆಂಕಿ ಬಿದ್ದು, 329 ಚಿತ್ರಗಳ ಮೂಲ ನೆಗೆಟಿವುಗಳು ಸುಟ್ಟುಹೋದವಂತೆ. 1996ರಲ್ಲಿ ಊರಿನಿಂದ ಸ್ವಲ್ಪ ದೂರದಲ್ಲಿ, ತಂಪಾದ ಹೊಸ ಉಗ್ರಾಣವನ್ನು ಕಟ್ಟಿಸಿದರು. ಅದೇ ವರ್ಷ ಚಿತ್ರಸಂರಕ್ಷಣೆಯನ್ನು ಕಲಿಸುವ ಶಾಲೆಯೊಂದನ್ನೂ ತೆರೆದರು.

ಆ ಮಾತು ಕೇಳಿದಾಗ ನನಗೆ ನಮ್ಮ ತಾಯಿಯವರ ನೆನಪಾಯಿತು. 1934ರಲ್ಲಿ ಬೆಂಗಳೂರಿನಲ್ಲಿ ‘ಸತಿ ಸುಲೋಚನಾ’ ಬಂದಾಗ ಅವರಿಗೆ ಹನ್ನೆರಡು ವರ್ಷ. ಕನ್ನಡದ ಮೊಟ್ಟಮೊದಲ ವಾಕ್ಚಿತ್ರವದು. ವೈ. ವಿ. ರಾವ್ ಅವರು ನಿರ್ದೇಶಿಸಿದುದು. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಅಭಿನಯಿಸಿದುದು. “ನೆರಳು ಕನ್ನಡ ಮಾತನಾಡಿತು ಕಣೇ!” ಎಂದು ತಾಯಿಯವರು ಮುಪ್ಪಿನಲ್ಲಿಯೂ ಬೆರಗಿನಿಂದ ಹೇಳುತ್ತಿದ್ದರು. “ನನಗೂ ತೋರಿಸಮ್ಮ” ಎಂದು ಚಿಕ್ಕಂದಿನಲ್ಲಿ ನಾನು ಹಟಮಾಡಿದ್ದುಂಟು. ತೋರಿಸುವುದೆಲ್ಲಿಂದ? ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಓಡಿ ಹಳತಾದ ಫಿಲ್ಮನ್ನು ಬೆಳ್ಳಿಯ ಆಸೆಗೆ ಕರಗಿಸುವ ಪದ್ಧತಿ ಅಂದು ಎಲ್ಲೆಡೆಯೂ ಇದ್ದಿತು. ನೋಡಿದವರು ಒಬ್ಬೊಬ್ಬರಾಗಿ ಹೋದರು. ಅವರೊಡನೆ ಚಿತ್ರವೂ ಎರಡನೆಯ ಸಲ ಹೋಯಿತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆಂದೇ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು 1964ರಲ್ಲಿ ಹುಟ್ಟಿತು. ಪಿ. ಕೆ. ನಾಯರ್ ಎಂಬ ಮಹನೀಯರು ಊರೂರು ಅಲೆದು ಅಳಿದುಳಿದ ಸುರುಳಿಗಳನ್ನು ಅದಕ್ಕೆ ಕೂಡಿಸಿದರು. 2003ರಲ್ಲಿ ಪುಣೆಯಲ್ಲಿಯೂ ಬೆಂಕಿಯು ನೈಟ್ರೇಟ್ ಸುರುಳಿಗಳನ್ನು ನುಂಗಿತು. ಆದರೂ ಕಾದುದಕ್ಕೆ ಫಲವಿಲ್ಲದಿಲ್ಲ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’ದ ಮೂಲ ನೆಗೆಟಿವು ಅಲ್ಲಿ ಉಳಿದಿದ್ದುದರಿಂದಲೇ ಅದನ್ನು ಜೀರ್ಣೋದ್ಧಾರ ಮಾಡಿ, 2024ರಲ್ಲಿ ವೆನಿಸ್ ನಗರದ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು.

ಊರಿಗೆ ಮರಳಿದ ವಾರದಲ್ಲಿಯೇ ನಾನು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಇಳಿಸಿದೆನು. ಮದುವೆ ಮುಂಜಿಗಳ ನೆಗೆಟಿವುಗಳು ಬಿಸಿಲ ಕಾವಿಗೆ ಸುರುಟಿಕೊಂಡಿದ್ದವು. ಕೆಲವು ಹುಳಿ ನಾರುತ್ತಿದ್ದವು. ಹುಳಿ ವಾಸನೆ ಬಂದರೆ ಫಿಲ್ಮು ಕೆಡಲಾರಂಭಿಸಿದೆಯೆಂದೇ ತಿಳಿಯಬೇಕು. ಅಂಥವನ್ನು ಬೇರೆಮಾಡಿ ಬೇಗನೆ ಪ್ರತಿ ತೆಗೆಸಬೇಕು. ಉಳಿದವನ್ನು ಕಾಗದದಲ್ಲಿ ಸುತ್ತಿ, ತೇವವೂ ಸೆಕೆಯೂ ಇಲ್ಲದ ಕಡೆ ಇಡಬೇಕು. ಹಾಗೆ ಬಿಡಿಸುತ್ತ ಹೋದಾಗ ಒಂದರಲ್ಲಿ ತಾಯಿಯವರು ಸಿಕ್ಕಿದರು, ಹೊಸ ಸೀರೆಯುಟ್ಟು, ನಗುವನ್ನು ತಡೆಯುತ್ತ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆನು. ಆಮೇಲೆ ಹೊಸ ಲಕೋಟೆಯೊಂದನ್ನು ತಂದು, ಮೇಲೆ ಹೆಸರನ್ನೂ ವರ್ಷವನ್ನೂ ಬರೆದಿಟ್ಟೆನು.