ಕುಮ್‌ಕಾರ್ನ್ ಗುಡ್ಡದ ಲಾರ್ಚ್

ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಅಲ್ಲಿಯವರೇ ಆದ ಡಾಕ್ಟರುಗಳು ನೆಲೆಯೂರಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಎಷ್ಟೋ ಊರುಗಳಿಗೆ ಇಂಡಿಯಾದಿಂದ ಹೋದ ನಮ್ಮಂಥವರೇ ಡಾಕ್ಟರು. ನಾನು ಎಬ್ಬೂ ಕಣಿವೆಗೆ ಹೋದದ್ದು 1986ರಲ್ಲಿ. ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಹಿಂದಿನ ವರ್ಷವಷ್ಟೇ ಸೋತು ಮುಗಿದಿತ್ತು. ಕ್ಲಿನಿಕ್ಕಿಗೆ ಬಂದವರ ಎದೆಯಲ್ಲಿ ಕಲ್ಲಿದ್ದಲ ಧೂಳು, ಮಾತಿನಲ್ಲಿ ಮುನಿಸು. ಸಾಗರ ಸೀಮೆಯ ಅಡಿಕೆ ತೋಟದಲ್ಲಿ ಬೆಳೆದ ನನಗೆ ಅಲ್ಲಿ ಜನಕ್ಕಿಂತ ಮೊದಲು ಗುಡ್ಡವೇ ಒಗ್ಗಿತು.

ಗುಡ್ಡ ಎಂದರೆ ಕುಮ್‌ಕಾರ್ನ್ ಕಾಡು. ಅದರ ತುಂಬ ಲಾರ್ಚ್. ಪೈನ್, ಸ್ಪ್ರೂಸ್‌ಗಳ ಬಂಧುವಾದರೂ ಇದು ಅವುಗಳ ಹಾಗೆ ವರ್ಷವಿಡೀ ಹಸಿರಾಗಿರುವ ಮರವಲ್ಲ. ಅಕ್ಟೋಬರ್ ಕೊನೆಗೆ ಸೂಜಿಯೆಲೆಗಳೆಲ್ಲ ಹೊಂಬಣ್ಣಕ್ಕೆ ತಿರುಗುತ್ತವೆ; ನವೆಂಬರಿನ ಒಂದು ಜೋರು ಗಾಳಿಗೆ ಕಾಲುದಾರಿಯೆಲ್ಲ ಹಳದಿ. ಏಪ್ರಿಲ್ ಹೊತ್ತಿಗೆ ಬೋಳು ರೆಂಬೆಗಳ ಮೇಲೆ ಗರಿಕೆ ಕುಡಿಯಷ್ಟು ಮೆತ್ತಗಿನ ಎಲೆಗೊಂಚಲು, ನಡುನಡುವೆ ಗುಲಾಬಿ ಬಣ್ಣದ ಪುಟ್ಟ ಹೂ. ಸ್ಪ್ರೂಸ್ ತೋಪಿನ ಒಳಗೆ ಹಗಲಲ್ಲೂ ಕತ್ತಲು, ನೆಲದಲ್ಲಿ ಏನೂ ಬೆಳೆಯದು. ಲಾರ್ಚ್ ಬೆಳಕನ್ನು ಕೆಳಗೆ ಬಿಡುತ್ತದೆ. ಹುಲ್ಲು, ಜರಿಗಿಡ, ಹಕ್ಕಿ ಎಲ್ಲಕ್ಕೂ ಅದರಡಿ ಜಾಗವುಂಟು. ಬೆಳಗಿನ ಕ್ಲಿನಿಕ್ ಮುಗಿಸಿ, ಮನೆಮನೆ ಭೇಟಿಗೆ ಹೊರಡುವ ಮುಂಚೆ ಅಲ್ಲೊಂದು ಸುತ್ತು ಹಾಕಿ ಬರುವುದು ನನ್ನ ಚಟವಾಯಿತು.

ಈ ಮರಗಳನ್ನು ಯಾರೂ ಚೆಂದಕ್ಕೆ ನೆಟ್ಟದ್ದಲ್ಲ. ಗಣಿಯ ಸುರಂಗಕ್ಕೆ ಆಸರೆ ಕಂಬ ಬೇಕು. ಮೊದಲು ಫ್ರಾನ್ಸಿನ ಬೋರ್ಡೋ ಕಡೆಯಿಂದ ಹಡಗುಗಟ್ಟಲೆ ಮರ ಬರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಆ ಸರಬರಾಜು ಕೆಟ್ಟಾಗ ಬ್ರಿಟನ್ನಿಗೆ ದಿಗಿಲಾಯಿತು. ಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಸರ್ಕಾರ ಅರಣ್ಯ ಆಯೋಗ ಕಟ್ಟಿ ಬೋಳು ಗುಡ್ಡಗಳಲ್ಲಿ ಬೇಗ ಬೆಳೆಯುವ ಜಾತಿಗಳನ್ನು ನೆಡಿಸುತ್ತಾ ಹೋಯಿತು. ಜಪಾನಿನ ಲಾರ್ಚ್ ಅವುಗಳಲ್ಲೊಂದು. ಹಳೆಯ ಗಣಿಗಾರರಿಗೆ ಇಂಥ ಮರದ ಮೇಲೆ ಭರವಸೆ ಹೆಚ್ಚು: ಮುರಿಯುವ ಮುನ್ನ ಕಿರುಗುಟ್ಟಿ ಎಚ್ಚರಿಸುತ್ತದೆ, ಓಡಲು ಸಮಯ ಕೊಡುತ್ತದೆ ಎನ್ನುತ್ತಿದ್ದರು. ಆದರೆ ಗಿಡ ಮರವಾಗುವಷ್ಟರಲ್ಲಿ ಸುರಂಗಕ್ಕೆ ಉಕ್ಕಿನ ಆಸರೆ ಬಂತು. ಕುಮ್‌ಕಾರ್ನ್ ಗಣಿ 1968ರಲ್ಲೇ ಮುಚ್ಚಿತ್ತು. ಕಣಿವೆಯ ಮೇಲ್ಭಾಗದ ಮರೀನ್ ಗಣಿ 1989ರಲ್ಲಿ ನನ್ನ ಕಣ್ಣೆದುರೇ ಮುಚ್ಚಿತು.

ಗಣಿ ಬಿಟ್ಟವರಲ್ಲಿ ಒಬ್ಬಾತ ಪರಿಹಾರದ ದುಡ್ಡಿನಲ್ಲಿ ಬ್ಯಾಂಡ್ ಗರಗಸ ಕೊಂಡು ಸಣ್ಣ ಮಿಲ್ಲು ಹಾಕಿದ. ಕೈಗೆ ಹೊಕ್ಕ ಸಿಬಿರು ತೆಗೆಸಿಕೊಳ್ಳಲು ನನ್ನಲ್ಲಿಗೆ ಬರುತ್ತಿದ್ದ. ಲಾರ್ಚಿನ ಸಿಬಿರು ನೇರವಾಗಿ ಆಳಕ್ಕೆ ಇಳಿಯುತ್ತದೆ, ಬಿಡಿಸುವುದು ಕಷ್ಟ. ಆ ನಂಟಿನಿಂದ ರಜೆಯ ದಿನಗಳಲ್ಲಿ ನಾನು ಅವನ ಮಿಲ್ಲಿನ ಕೈಯಾಳಾದೆ. ದಿಮ್ಮಿ ಸೀಳಿದರೆ ಒಳಗೆ ಕೆಂಪು ಕೆಚ್ಚು, ಹೊರಗೆ ತೆಳುವಾದ ಬಿಳಿ ಭಾಗ, ಅಂಗಳವೆಲ್ಲ ಅಂಟಿನ ಘಮ. ಆ ಅಂಟೇ ಗರಗಸದ ಶತ್ರು. ಬ್ಲೇಡಿಗೆ ಸೀಮೆಎಣ್ಣೆ ತೊಟ್ಟಿಕ್ಕಿಸುತ್ತಾ ಕೊಯ್ಯಬೇಕು. ಹಲಗೆ ಒಣಗುವಾಗ ತಿರುಚಿಕೊಳ್ಳುತ್ತದೆ. ಅದಕ್ಕೆ ನಡುವೆ ಪಟ್ಟಿ ಕೊಟ್ಟು ಪೇರಿಸಿ, ಮೇಲೆ ಭಾರ ಹೇರಬೇಕು. ಅಂಚಿನಲ್ಲಿ ಮೊಳೆ ಹೊಡೆದರೆ ಸೀಳುತ್ತದೆ, ಮೊದಲು ರಂಧ್ರ ಕೊರೆಯಬೇಕು. ಅದೂ ಕಬ್ಬಿಣದ ಮೊಳೆ ಕೂಡದು. ಮರದ ಒಗರಿಗೂ ಕಬ್ಬಿಣಕ್ಕೂ ಆಗಿಬರದೆ ಮಳೆ ಬಿದ್ದಲ್ಲೆಲ್ಲ ಕಪ್ಪು ಕಲೆ ಇಳಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೊಳೆಯೇ ಆಗಬೇಕು. ಇಷ್ಟು ರಗಳೆ ಮಾಡುವ ಮರ ಒಮ್ಮೆ ಗೋಡೆಗೇರಿತೆಂದರೆ ಬಣ್ಣ ಕೇಳುವುದಿಲ್ಲ, ಎಣ್ಣೆ ಕೇಳುವುದಿಲ್ಲ. ಬಿಸಿಲು ಮಳೆಗೆ ಬೆಳ್ಳಿಬೂದಿ ಬಣ್ಣಕ್ಕೆ ತಿರುಗಿ ವರ್ಷಾನುಗಟ್ಟಲೆ ನಿಲ್ಲುತ್ತದೆ. ಬೇಲಿ, ಗೇಟು, ಕೊಟ್ಟಿಗೆ ಗೋಡೆ ಎಲ್ಲಕ್ಕೂ ಕಣಿವೆಯ ರೈತರು ಕೇಳುತ್ತಿದ್ದುದು ಇದನ್ನೇ.

2009ರಲ್ಲಿ ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಲಾರ್ಚಿಗೆ ರೋಗ ಕಂಡಿತೆಂದು ಸುದ್ದಿಯಾಯಿತು. ಮರುವರ್ಷ ವೇಲ್ಸಿಗೂ ಬಂತು. ಎಲೆ ಕಪ್ಪಾಗಿ ಬಾಡುವುದು, ಅಕಾಲದಲ್ಲಿ ಉದುರುವುದು, ಕಾಂಡದಿಂದ ಅಂಟು ಸೋರುವುದು. ರೋಗಾಣುವಿನ ಹೆಸರು ಫೈಟಾಫ್ತೊರಾ ಎಂದು ಪತ್ರಿಕೆಯಲ್ಲಿ ಓದಿದಾಗ ಎದೆ ಧಸಕ್ಕೆಂದಿತು. ಅಡಿಕೆಯ ಕೊಳೆರೋಗದ ಕುಲವೇ ಅದು! ಜಾತಿ ಬೇರೆ, ಚಾಳಿ ಒಂದೇ: ಮಳೆ, ಮಂಜು, ಗಾಳಿಯಲ್ಲಿ ಹರಡುವುದು. ಕೊಳೆರೋಗದ ಬಗ್ಗೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಪುಸ್ತಿಕೆ ಬರೆದಿದ್ದರು. ಮಳೆಗಾಲಕ್ಕೆ ಮುಂಚೆ ಗೊನೆಗೆ ಮೈಲುತುತ್ತ ಸುಣ್ಣದ ಔಷಧಿ ಹೊಡೆಯುವುದನ್ನು ನೋಡುತ್ತಲೇ ನಾನು ಬೆಳೆದವನು. ಆ ಔಷಧಿ ಹುಟ್ಟಿದ್ದೂ ಬೋರ್ಡೋದ ದ್ರಾಕ್ಷಿ ತೋಟಗಳಲ್ಲೇ. ಆದರೆ ಗೊನೆಗೆ ಹೊಡೆದ ಹಾಗೆ ಗುಡ್ಡಕ್ಕೆ ಹೊಡೆಯಲಾದೀತೇ? ಕಡಿಯುವುದೊಂದೇ ದಾರಿ.

2014ರ ಕೊನೆಗೆ ಕುಮ್‌ಕಾರ್ನ್ ಕಾಡಿನ ಸುತ್ತುರಸ್ತೆ ಮುಚ್ಚಿದರು. ಸುಮಾರು 1,60,000 ಲಾರ್ಚ್ ಮರ ಕಡಿದರು. ಯಂತ್ರವೊಂದು ಮರ ತಬ್ಬಿ ಹಿಡಿದು ಕತ್ತರಿಸಿ, ಟೊಂಗೆ ಸವರಿ, ಅಳತೆಗೆ ತುಂಡು ಮಾಡಿ ಹಾಕಲು ನಿಮಿಷ ಸಾಕು. ರೋಗ ಬಂದ ಮರದ ದಿಮ್ಮಿಗೆ ಕೆಡುಕೇನಿಲ್ಲ. ಆದರೆ ಸಾಗಿಸಲು ಪರವಾನಗಿ, ಕೊಯ್ಯಲು ಒಪ್ಪಿಗೆ ಪಡೆದ ಮಿಲ್ಲು ಆಗಬೇಕು. ಗೆಳೆಯನ ಮಿಲ್ಲಿಗೆ ಆ ಕಾಗದಪತ್ರವೇ ಭಾರವಾಯಿತು. ಬಾಗಿಲೆದುರೇ ಲಾರಿಗಟ್ಟಲೆ ಲಾರ್ಚ್ ಹೋಗುತ್ತಿರಲು ಅವನ ಅಂಗಳ ಖಾಲಿ. "ಡಾಕ್, ಮೊದಲು ಗಣಿ ಹೋಯಿತು, ಈಗ ಗುಡ್ಡ" ಎಂದ. ಕೆಲ ಕಾಲ ಸೈಬೀರಿಯಾದ ಲಾರ್ಚ್ ತರಿಸಿ ಮಾರಿದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಅದೂ ನಿಂತಿತು. ಗರಗಸ ಮಾರಿದ.

ಕಾಡಿನ ಸುತ್ತುರಸ್ತೆ 2021ರಲ್ಲಿ ಮತ್ತೆ ತೆರೆದಿತ್ತು. ಈಗ ಅಲ್ಲಿ ಓಕ್, ಬರ್ಚ್, ರೋವನ್ ಎಂದು ಹಲವು ಜಾತಿಯ ಸಸಿ ಬೆರೆಸಿ ನೆಟ್ಟಿದ್ದಾರೆ. ಈ ಬುದ್ಧಿ ನೂರು ವರ್ಷ ಮುಂಚೆ ಬರಬೇಕಿತ್ತು. ಗುಡ್ಡದ ಮೇಲೆ ಗುಡ್ಡ ಒಂದೇ ಮರ ತುಂಬಿದ್ದು ರೋಗಕ್ಕೆ ಹಾಸಿಗೆ ಹಾಸಿಕೊಟ್ಟಂತಾಯಿತು; ಇದರಲ್ಲಿ ಲಾರ್ಚಿನ ತಪ್ಪೇನಿಲ್ಲ. ವೇಲ್ಸ್ ಕಡೆ ಹೋಗುವ ನಮ್ಮವರು ಈಗ ಬಹಳ. ಕಾಡು ಸುತ್ತಿ ಬಂದವರು ಕಾರು ಹತ್ತುವ ಮುಂಚೆ ಬೂಟಿನ ಕೆಸರು ತೊಳೆದುಕೊಳ್ಳಿ. ಈ ರೋಗ ಆ ಕೆಸರಿನಲ್ಲೂ ಇನ್ನೊಂದು ಗುಡ್ಡಕ್ಕೆ ಹೋಗುತ್ತದೆ.