ದೀರ್ಘವೃತ್ತದ ಚೆಲುವು

ಹಲಗೆಯೊಂದರ ಮೇಲೆ ತುಸು ಅಂತರದಲ್ಲಿ ಎರಡು ಮೊಳೆಗಳನ್ನು ಹೊಡೆದು, ಅವುಗಳ ಸುತ್ತ ಸಡಿಲವಾಗಿ ದಾರದ ಕುಣಿಕೆ ಹಾಕಿ, ಪೆನ್ಸಿಲಿನ ಮೊನೆಯಿಂದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಸುತ್ತಿಸಿದರೆ ದೀರ್ಘವೃತ್ತ ಮೂಡುತ್ತದೆ. ಗಣಿತದ ಅಧ್ಯಾಪಕರು ಇದನ್ನು ಮಾಡಿ ತೋರಿಸಿದ ದಿನ ತರಗತಿಯಲ್ಲಿ ಒಂದು ಬಗೆಯ ಸಂತೋಷ ಹರಡುತ್ತದೆ. ಮರುದಿನ ಅದರ ಸಮೀಕರಣ ಬರೆಸಿದಾಗ ಆ ಸಂತೋಷ ಅಷ್ಟೇ ಬೇಗ ಕರಗುತ್ತದೆ. ‘ಇದರಿಂದ ಮುಂದೆ ಏನು ಪ್ರಯೋಜನ?’ ಎಂಬ ಪ್ರಶ್ನೆ ಹಿಂದಿನ ಬೆಂಚಿನಿಂದ ಏಳುವುದು ಆಗಲೇ. ಆ ಪ್ರಶ್ನೆಗೆ ಸಿಗಬಹುದಾದ ಉತ್ತರಗಳಲ್ಲೊಂದು 1961ರ ಮಾರ್ಚ್ 15ರಂದು ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ನಾಲ್ಕು ಗಾಲಿಗಳ ಮೇಲೆ ನಿಂತಿತ್ತು. ಅದರ ಹೆಸರು ಜಾಗ್ವಾರ್ ಇ-ಟೈಪ್.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಆ ಕಾರನ್ನು ಕಂಡು ಪತ್ರಕರ್ತರು ಮುಗಿಬಿದ್ದರು. ಒಮ್ಮೆ ಕುಳಿತು ನೋಡಬೇಕೆಂಬವರ ಸಾಲು ಎಷ್ಟು ಬೆಳೆಯಿತೆಂದರೆ, ಕಂಪೆನಿಯ ಒಡೆಯ ವಿಲಿಯಂ ಲಯನ್ಸ್ ಊರಿಗೆ ಫೋನು ಮಾಡಿ ಇನ್ನೊಂದು ಕಾರನ್ನು ಕೂಡಲೇ ತರುವಂತೆ ತಮ್ಮ ಪರೀಕ್ಷಾ ಚಾಲಕ ನಾರ್ಮನ್ ಡೂಯಿಸ್ ಅವರಿಗೆ ಹೇಳಬೇಕಾಯಿತು. ಡೂಯಿಸ್ ಇಡೀ ರಾತ್ರಿ ಕಾರು ಓಡಿಸಿ, ನಡುವೆ ಸಮುದ್ರವನ್ನೂ ದಾಟಿ, ಬೆಳಗಾಗುವಷ್ಟರಲ್ಲಿ ಜಿನೀವಾಕ್ಕೆ ಮುಟ್ಟಿದರು. ಸುಮಾರು ಎರಡು ಸಾವಿರ ಪೌಂಡ್ ಬೆಲೆ, 3.8 ಲೀಟರಿನ ಆರು ಸಿಲಿಂಡರ್ ಎಂಜಿನ್, 265 ಅಶ್ವಶಕ್ತಿ, ಗಂಟೆಗೆ 150 ಮೈಲಿ ವೇಗ ಎಂದು ಕಂಪೆನಿ ಸಾರಿತು. ಪತ್ರಿಕೆಗಳ ಪರೀಕ್ಷೆಗೆ ಕೊಟ್ಟ ಕಾರುಗಳು ಆ ವೇಗವನ್ನು ಮುಟ್ಟಿದ್ದೂ ನಿಜ, ಹಣ ಕೊಟ್ಟು ಕೊಂಡವರ ಕಾರುಗಳು ಅಷ್ಟು ಓಡದೆ ಇದ್ದುದೂ ನಿಜ. ಅದು ಬೇರೆ ಕಥೆ. ವೇಗದ ದಾಖಲೆಗಳನ್ನು ಮುಂದೆ ಬಂದ ಎಷ್ಟೋ ಕಾರುಗಳು ಅಳಿಸಿಹಾಕಿವೆ. ಅರುವತ್ತು ವರ್ಷಗಳು ಕಳೆದ ಮೇಲೂ ಉಳಿದಿರುವುದು ಅದರ ಆಕಾರ. ಕಾರುಗಳ ಬಗ್ಗೆ ಏನೇನೂ ಆಸಕ್ತಿಯಿಲ್ಲದವರು ಕೂಡ ಅದರ ಚಿತ್ರ ಕಂಡರೆ ಒಂದು ಕ್ಷಣ ನಿಲ್ಲುತ್ತಾರೆ. ಆ ನಿಲ್ಲುವಿಕೆಗೆ ಕಾರಣವೇನು?

ಆಕಾರ ಕೊಟ್ಟವರ ಹೆಸರು ಮಾಲ್ಕಂ ಸೇಯರ್. 1916ರಲ್ಲಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಕ್ರೋಮರ್ ಎಂಬ ಊರಿನಲ್ಲಿ ಹುಟ್ಟಿದವರು. ತಂದೆ ಶಾಲಾ ಅಧ್ಯಾಪಕರು, ಕಲಿಸುತ್ತಿದ್ದುದು ಗಣಿತ ಮತ್ತು ಚಿತ್ರಕಲೆ. ಎರಡು ವಿಷಯಗಳ ನಡುವೆ ಗೋಡೆಯಿಲ್ಲದ ಇಂತಹ ಮನೆ ಎಲ್ಲ ಮಕ್ಕಳಿಗೂ ದೊರಕುವುದಿಲ್ಲ. ಸೇಯರ್ ವಿದ್ಯಾರ್ಥಿವೇತನ ಪಡೆದು ಲಫ್‌ಬರೋ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು, ಯುದ್ಧಕಾಲದಲ್ಲಿ ಬ್ರಿಸ್ಟಲ್ ವಿಮಾನ ಕಾರ್ಖಾನೆಯಲ್ಲಿ ದುಡಿದರು, 1948ರಲ್ಲಿ ಬಾಗ್ದಾದಿಗೆ ತೆರಳಿ ಅಲ್ಲಿ ಎಂಜಿನಿಯರಿಂಗ್ ವಿಭಾಗ ಕಟ್ಟುವ ಕೆಲಸದಲ್ಲಿ ತೊಡಗಿದರು. ಜಾಗ್ವಾರ್ ಸೇರಿದ್ದು ಆ ಬಳಿಕ. ಅವರು ರೂಪಿಸಿದ ಸಿ-ಟೈಪ್ ಮತ್ತು ಡಿ-ಟೈಪ್ ಕಾರುಗಳು ಫ್ರಾನ್ಸಿನ ಲಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಒಟ್ಟು ಐದು ಬಾರಿ ಗೆದ್ದವು. ಇ-ಟೈಪ್ ಆ ಓಟದ ಕಾರುಗಳ ಮನೆತನದಲ್ಲಿ ಹುಟ್ಟಿ ಊರಿನ ರಸ್ತೆಗೆ ಬಂದ ಮಗು. ಕಾರಿನ ಅಂದಗಾರ ಎಂದು ಯಾರಾದರೂ ಕರೆದರೆ ಸೇಯರ್‌ಗೆ ಸೇರುತ್ತಿರಲಿಲ್ಲ. ತಾನು ಗಾಳಿಯ ಹರಿವನ್ನು ಲೆಕ್ಕ ಹಾಕುವವನು ಎಂಬುದು ಅವರ ನಿಲುವಾಗಿತ್ತು.

ಕೆಲಸದ ರೀತಿಯೂ ಹಾಗೆಯೇ ಇತ್ತು. ಆ ಕಾಲದ ಬಹುತೇಕ ವಿನ್ಯಾಸಕಾರರು ಜೇಡಿಮಣ್ಣಿನಲ್ಲೋ ಮರದಲ್ಲೋ ಮಾದರಿ ಮಾಡಿ, ಕಣ್ಣಿಗೆ ಒಪ್ಪುವವರೆಗೆ ಕೆತ್ತಿ ಸವರುತ್ತಿದ್ದರು. ಸೇಯರ್ ಸ್ಲೈಡ್ ರೂಲ್ ಮತ್ತು ಲಾಗರಿತಮ್ ಕೋಷ್ಟಕಗಳನ್ನು ಮುಂದಿಟ್ಟುಕೊಂಡು, ಕಾರಿನ ಮೈಮೇಲಿನ ಬಿಂದುಗಳ ನಿರ್ದೇಶಾಂಕಗಳನ್ನು ಸಮೀಕರಣಗಳಿಂದ ಲೆಕ್ಕ ಹಾಕಿ ದೊಡ್ಡ ಹಾಳೆಗಳಲ್ಲಿ ಸಾಲುಸಾಲಾಗಿ ಬರೆಯುತ್ತಿದ್ದರು. ಆ ಅಂಕಿಗಳನ್ನು ಸೇರಿಸಿ ಎಳೆದ ಗೆರೆಯೇ ಕಾರು. ಕಂಪ್ಯೂಟರ್ ಇಂದು ಮಾಡುವ ಕೆಲಸ ಅಂದು ಒಬ್ಬ ಮನುಷ್ಯನ ಬೆರಳುಗಳಲ್ಲಿ ನಡೆಯುತ್ತಿತ್ತು.

ಲೆಕ್ಕದಿಂದ ಹುಟ್ಟಿದ ಗೆರೆ ಏಕೆ ಚೆಲುವಾಗಿ ಕಾಣಬೇಕು ಎಂಬುದಕ್ಕೆ ಉತ್ತರ ಅಡುಗೆಮನೆಯಲ್ಲೇ ಇದೆ. ಒಳ್ಳೆಯ ಕೈ ಬಡಿದು ಮಾಡಿದ ಹಿತ್ತಾಳೆಯ ಕೊಡವನ್ನು ಹುಣಸೆಹುಳಿ ಹಾಕಿ ಬೆಳಗಿ ಕಿಟಕಿಯ ಬಳಿ ಇಟ್ಟರೆ, ಬೆಳಕು ಅದರ ಹೊಟ್ಟೆಯ ಮೇಲಿನಿಂದ ಕಂಠದವರೆಗೆ ಎಲ್ಲೂ ಎಡವದೆ ಜಾರುತ್ತದೆ. ಒಂದು ಕಡೆ ತಗ್ಗು ಬಿದ್ದಿದ್ದರೆ ಬೆಳಕು ಅಲ್ಲಿ ಮುರಿಯುತ್ತದೆ, ಕಣ್ಣು ಅದನ್ನು ಥಟ್ಟನೆ ಹಿಡಿಯುತ್ತದೆ. ವೃತ್ತದ ತುಂಡೊಂದನ್ನು ಸರಳರೇಖೆಗೆ ಜೋಡಿಸಿದಾಗಲೂ ಹೀಗೆಯೇ. ಕೈಯಿಂದ ಸವರಿದರೆ ಜೋಡಣೆ ತಿಳಿಯದು, ಆದರೆ ಬಾಗು ಅಲ್ಲಿ ಹಠಾತ್ತನೆ ನಿಂತುಹೋಗುವುದರಿಂದ ಪ್ರತಿಬಿಂಬ ಮುಗ್ಗರಿಸುತ್ತದೆ. ದೀರ್ಘವೃತ್ತದಲ್ಲಿ ಬಾಗು ಪ್ರತಿಯೊಂದು ಬಿಂದುವಿನಲ್ಲೂ ಬದಲಾಗುತ್ತಿರುತ್ತದೆ, ಆದರೆ ಒಮ್ಮೆಯೂ ಜಿಗಿಯುವುದಿಲ್ಲ. ಇ-ಟೈಪಿನ ಮೂತಿಯಿಂದ ಹೊರಟ ಆಕಾಶದ ಪ್ರತಿಬಿಂಬ ಬಾಗಿಲನ್ನು ದಾಟಿ ಬಾಲದವರೆಗೆ ಹರಿಯುವುದು ಈ ಕಾರಣದಿಂದ. ನೋಡುವವನಿಗೆ ಸಮೀಕರಣ ಗೊತ್ತಿರಬೇಕಾಗಿಲ್ಲ. ಕಣ್ಣು ಅದನ್ನು ಬೇರೆ ದಾರಿಯಲ್ಲಿ ಓದುತ್ತದೆ.

ಗೆರೆಯೊಂದೇ ಸಾಲದು. ಆ ಕಾರಿನ ಮೇಲಿರುವ ಒಂದೊಂದು ಉಬ್ಬು, ಒಂದೊಂದು ಸೀಳು ಯಾವುದೋ ಅಗತ್ಯಕ್ಕೆ ಕೊಟ್ಟ ಉತ್ತರ. ಬಾನೆಟ್ಟಿನ ನಡುವೆ ಬೆನ್ನುಹುರಿಯಂತೆ ಎದ್ದ ಉಬ್ಬು ಅಲಂಕಾರವೆಂದು ಅನೇಕರ ಎಣಿಕೆ. ಜಾಗ್ವಾರಿನ ಆರು ಸಿಲಿಂಡರಿನ ಎಂಜಿನ್ ಎತ್ತರದ್ದು. ಬಾನೆಟ್ ತಗ್ಗಾಗಬೇಕು, ಎಂಜಿನ್ ಒಳಗೆ ಹಿಡಿಯಲೂ ಬೇಕು. ಎಷ್ಟು ಜಾಗ ಬೇಕೋ ಅಷ್ಟನ್ನು ಮಾತ್ರ ಎತ್ತಿ, ಉಳಿದುದನ್ನು ಕೆಳಗೇ ಬಿಟ್ಟರು. ಅದರ ಇಕ್ಕೆಲಗಳ ಸೀಳುಗಳು ಒಳಗಿನ ಬಿಸಿ ಹೊರಹೋಗಲು. ಮುಂದಿನ ಗಾಜು ಅಗಲವಾಗಿದ್ದು ಎತ್ತರ ಕಡಿಮೆಯಾದುದರಿಂದ ಎರಡು ವೈಪರ್‌ಗಳು ಪೂರ್ತಿ ಒರಸಲಾರದೆ ಮೂರನ್ನು ಹಾಕಬೇಕಾಯಿತು. ಬಾನೆಟ್ ಮತ್ತು ಮುಂದಿನ ಮಡ್‌ಗಾರ್ಡ್‌ಗಳು ಒಂದೇ ಮೈಯಾಗಿದ್ದು, ಇಡೀ ಮೂತಿ ಮೊಸಳೆಯ ದವಡೆಯಂತೆ ಮುಂದಕ್ಕೆ ತೆರೆದುಕೊಳ್ಳುತ್ತದೆ. ಹೀಗಾಗಿ ಮೇಲ್ಮೈಯನ್ನು ಕತ್ತರಿಸುವ ಸಂದುಗಳೂ ಕಡಿಮೆ.

ಅಗತ್ಯಕ್ಕಿಂತ ಚೆಲುವಿಗೆ ಹೆಚ್ಚು ಸಲಿಗೆ ಕೊಟ್ಟ ಕಡೆಯೂ ಇದೆ. ಗಾಳಿ ಒಳಹೋಗುವ ಬಾಯಿಯನ್ನು ತೀರ ಚಿಕ್ಕದಾಗಿ ಇಟ್ಟದ್ದರಿಂದ ಸೆಕೆಯ ದಿನಗಳಲ್ಲಿ, ಸಾಲುಗಟ್ಟಿ ನಿಂತ ರಸ್ತೆಗಳಲ್ಲಿ ಎಂಜಿನ್ ಕುದಿಯುತ್ತಿತ್ತು. ಮೊದಲ ವರ್ಷದ ಕಾರುಗಳಲ್ಲಿ ಎತ್ತರದ ಆಳಿಗೆ ಕಾಲು ಚಾಚಲು ಎಡೆಯಿರಲಿಲ್ಲ. ಅನಂತರ ನೆಲವನ್ನೇ ತಗ್ಗಿಸಬೇಕಾಯಿತು.

ಪ್ರಮಾಣದ ಮಾತು ಬಂದಾಗ 1966ರ ಒಂದು ಪ್ರಯೋಗವನ್ನು ಮರೆಯುವಂತಿಲ್ಲ. ಇಬ್ಬರ ಕಾರಿನಲ್ಲಿ ಮಕ್ಕಳಿಗೂ ಜಾಗ ಬೇಕೆಂಬ ಬೇಡಿಕೆ ನ್ಯಾಯವಾದುದೇ. ಅದಕ್ಕಾಗಿ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಒಂಬತ್ತು ಅಂಗುಲ ಸೇರಿಸಿದರು, ಚಾವಣಿಯನ್ನು ಎರಡು ಅಂಗುಲ ಎತ್ತಿದರು. ನಾಲ್ಕೂವರೆ ಮೀಟರಿನಷ್ಟು ಉದ್ದದ ವಾಹನಕ್ಕೆ ಒಂದು ಗೇಣು ಯಾವ ಲೆಕ್ಕ? ಆದರೆ ಅದೇ ಮೂತಿ, ಅದೇ ಬಾಲ ಇದ್ದ ಕಾರು ಗೂನು ಬೆನ್ನಿನದಾಗಿ ಕಂಡಿತು. ಹಾರಲು ಹದವಾಗಿ ಕುಳಿತಿದ್ದ ಪ್ರಾಣಿ ಎದ್ದು ನಿಂತಂತೆ ಆಯಿತು. ಬಿಡಿ ಭಾಗಗಳಲ್ಲಿ ಚೆಲುವನ್ನು ಹುಡುಕುವವರಿಗೆ ಆ ಒಂದು ಗೇಣಿನ ಸಾಕ್ಷ್ಯವೇ ಸಾಕಾಗಬೇಕು.

ಮುಂದಿನ ಪೆಟ್ಟು ಕಾನೂನಿನಿಂದ ಬಂತು. ಮೂತಿಯ ಬಾಗಿನಲ್ಲೇ ಬೆರೆತುಹೋಗುವಂತೆ ಹೆಡ್‌ಲೈಟುಗಳ ಮೇಲೆ ಗಾಜಿನ ಮುಚ್ಚಳಗಳಿದ್ದವು. ಅಮೆರಿಕ 1966ರಲ್ಲಿ ವಾಹನ ಸುರಕ್ಷತೆಯ ಕಾಯಿದೆ ಮಾಡಿತು. ಅದರಡಿ ಬಂದ ನಿಯಮಗಳು ಅಂಥ ಮುಚ್ಚಳಗಳನ್ನು ಒಪ್ಪಲಿಲ್ಲ. ಇ-ಟೈಪಿನ ಅತಿ ದೊಡ್ಡ ಮಾರುಕಟ್ಟೆ ಅಮೆರಿಕವೇ ಆದುದರಿಂದ ಗಾಜು ಹೋಯಿತು, ದೀಪಗಳು ಮುಂದಕ್ಕೆ ಬಂದವು, ಹಿಂದಿನ ದೀಪಗಳು ದಪ್ಪವಾದವು, ಬಾಯಿ ಅಗಲವಾಯಿತು. ಇದಕ್ಕಾಗಿ ಕಾನೂನನ್ನು ಶಪಿಸುವವರು ಇಂದಿಗೂ ಇದ್ದಾರೆ. ಇಳಿಜಾರಾದ ಗಾಜಿನ ಹಿಂದಿನಿಂದ ಬರುವ ಬೆಳಕು ರಸ್ತೆಯನ್ನು ಸರಿಯಾಗಿ ಬೆಳಗುತ್ತಿರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಕತ್ತಲೆಯಲ್ಲಿ ರಸ್ತೆಯಂಚಿನಲ್ಲಿ ನಡೆದು ಹೋಗುವವನಿಗೆ ಎದುರಿನ ಕಾರಿನ ಮೂತಿ ಎಷ್ಟು ಚೆಂದವೆಂಬ ಚಿಂತೆ ಇರುವುದಿಲ್ಲ. ಆದರೂ ಹಳೆಯ ಮತ್ತು ಹೊಸ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಕಣ್ಣು ಯಾವ ಕಡೆಗೆ ಹೊರಳುತ್ತದೆ ಎಂಬುದನ್ನು ಯಾವ ಕಾಯಿದೆಯೂ ತಡೆಯಲಾರದು. 1971ರಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ ಬಂದಾಗ ಬಾಯಿಗೆ ಹೊಳೆಯುವ ಜಾಲರಿಯೂ ಸೇರಿತು. ಅದನ್ನು ನೋಡಲು ಸೇಯರ್ ಇರಲಿಲ್ಲ. 1970ರ ಏಪ್ರಿಲಿನಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ಅವರು ಹೃದಯಾಘಾತದಿಂದ ತೀರಿಕೊಂಡಿದ್ದರು.

ಇಂತಹ ಆಕಾರ ಯಾವ ಬಗೆಯ ಸೃಷ್ಟಿ ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆಯೂ ಬಂದದ್ದುಂಟು. ಅದೇ ಕಾಲದ ಇಟಲಿಯ ಕಾರು ಫೆರಾರಿ 250 ಜಿಟಿಒ ಒಂದು ಕಲಾಕೃತಿ, ಅದನ್ನು ನಕಲು ಮಾಡುವಂತಿಲ್ಲ ಎಂದು 2019ರಲ್ಲಿ ಬೊಲೊನ್ಯಾದ ನ್ಯಾಯಾಲಯ ಹೇಳಿತು. ಭಾರತದ 2000ದ ವಿನ್ಯಾಸ ಕಾಯಿದೆಯ ಒರೆಗಲ್ಲು ಇನ್ನೂ ಕುತೂಹಲಕರ. ಸಿದ್ಧವಸ್ತುವಿನಲ್ಲಿ ಕೇವಲ ಕಣ್ಣಿನಿಂದ ತೀರ್ಮಾನಿಸಬೇಕಾದ ಆಕಾರ, ರೇಖೆ, ಅಲಂಕಾರಗಳಿಗೆ ಮಾತ್ರ ಅದು ರಕ್ಷಣೆ ಕೊಡುತ್ತದೆ. ಬರಿಯ ಯಾಂತ್ರಿಕ ಸಾಧನವಾದುದಕ್ಕೆ ಕೊಡುವುದಿಲ್ಲ. ಇ-ಟೈಪ್ ಈ ಒರೆಗಲ್ಲಿನ ಮುಂದೆ ನಿಂತಿತೆಂದು ಕಲ್ಪಿಸಿಕೊಂಡರೆ ಪ್ರತಿವಾದಿಯ ವಕೀಲನಿಗೆ ಸೇಯರ್ ಅವರ ನಿಲುವೇ ಬ್ರಹ್ಮಾಸ್ತ್ರ: ಇದು ಅಂದಕ್ಕಾಗಿ ಮಾಡಿದ್ದಲ್ಲ, ಗಾಳಿಗಾಗಿ ಮಾಡಿದ್ದು ಎಂದು ನಿರ್ಮಾಪಕನೇ ಹೇಳುತ್ತಿದ್ದಾನಲ್ಲ! ವಾದಿಯ ಕೈಯಲ್ಲೂ ಒಂದು ದಾಖಲೆಯಿದೆ. ಗಾಳಿಯ ಎಳೆತವನ್ನು ಅಳೆದಾಗ ಇ-ಟೈಪಿಗೆ ಬಂದ ಗುಣಾಂಕ 0.44. ಇಂದು ಶಾಲೆಯ ಮುಂದೆ ಮಕ್ಕಳನ್ನು ಇಳಿಸಿ ಹೋಗುವ ಎಷ್ಟೋ ಸಾಮಾನ್ಯ ಕಾರುಗಳದು 0.30ರ ಆಸುಪಾಸಿನಲ್ಲಿದೆ. ಅಂದರೆ ಆ ಕಾರು ಗಾಳಿಯನ್ನು ಗೆದ್ದಂತೆ ಕಾಣುತ್ತದೆಯೇ ಹೊರತು ಅಷ್ಟಾಗಿ ಗೆದ್ದಿಲ್ಲ. ಅತಿವೇಗದಲ್ಲಿ ಮೂತಿ ಮೇಲಕ್ಕೆ ಏಳುವ ದೋಷವೂ ಅದಕ್ಕಿತ್ತು. ಗಾಳಿಯೊಂದೇ ಗೆರೆ ಎಳೆದಿದ್ದರೆ ಹೀಗಾಗುತ್ತಿರಲಿಲ್ಲ. ನೂರಾರು ಬಗೆಯ ಬಾಗುಗಳಲ್ಲಿ ಇದು ಸಾಕು, ಇದು ಬೇಡ ಎಂದು ಆಯ್ದುಕೊಂಡ ಕಣ್ಣೊಂದು ಲಾಗ್ ಪುಸ್ತಕದ ಮೇಲೆ ಬಾಗಿತ್ತು. ಚಿತ್ರಕಲೆಯ ಅಧ್ಯಾಪಕರ ಮಗ ಅದನ್ನು ಒಪ್ಪಿಕೊಳ್ಳದಿದ್ದರೆ ಅದು ಅವರ ಇಷ್ಟ.

1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಒಂದು ಇ-ಟೈಪನ್ನು ತನ್ನ ಶಾಶ್ವತ ಸಂಗ್ರಹಕ್ಕೆ ಸೇರಿಸಿಕೊಂಡಿತು. 1963ರಲ್ಲಿ ತಯಾರಾದ, ಕಡುನೀಲಿ ಬಣ್ಣದ, ತೆರೆದ ಚಾವಣಿಯ ಕಾರು ಅದು. ದಾಖಲೆಯಲ್ಲಿ ವಿನ್ಯಾಸಕಾರರೆಂದು ಮೂವರ ಹೆಸರುಗಳಿವೆ: ಒಡೆಯ ವಿಲಿಯಂ ಲಯನ್ಸ್, ಎಂಜಿನಿಯರ್ ವಿಲಿಯಂ ಹೇನ್ಸ್, ಮತ್ತು ಮಾಲ್ಕಂ ಸೇಯರ್. ಹೆಡ್‌ಲೈಟುಗಳ ಮೇಲಿನ ಗಾಜಿನ ಮುಚ್ಚಳಗಳು ಆ ಕಾರಿನಲ್ಲಿ ಇನ್ನೂ ಇವೆ.